ಗಾಜಿನ ಕಡಲು, ಮೈಲುತುತ್ತ ಮತ್ತು ಶ್ರಾವಕ

ತುಳುನಾಡಿನಲ್ಲಿ ಮೀನಿನ ವಾಸನೆಯಿಲ್ಲದ ಪೇಟೆಯಿಲ್ಲ. ಆದರೂ ಶ್ರಾವಕನ ಮನೆಯಲ್ಲಿ ಮೀನಿನ ಮಾತು ಬರುವುದು ಅಪರೂಪ. ಬಂದರೂ ಅದು ಬಸದಿಗೆ ಸಂಬಂಧಿಸಿದ ಮಾತಾಗಿರುತ್ತದೆ. ದಿಗಂಬರ ಸಂಪ್ರದಾಯದಂತೆ ಹದಿನೆಂಟನೆಯ ತೀರ್ಥಂಕರರಾದ ಅರನಾಥ ಸ್ವಾಮಿಯವರ ಲಾಂಛನ ಮತ್ಸ್ಯ. ವರ್ಧಮಾನ ಸ್ವಾಮಿಯವರು ಗರ್ಭಸ್ಥರಾದಾಗ ಮಾತೆ ತ್ರಿಶಲಾದೇವಿ ಕಂಡ ಹದಿನಾರು ಸ್ವಪ್ನಗಳಲ್ಲಿ ಮೀನುಗಳ ಜೋಡಿಯೂ ಒಂದು. ಇಷ್ಟನ್ನು ಬಿಟ್ಟರೆ ಮೀನಿನ ವಿಷಯದಲ್ಲಿ ನಮಗೆ ಗೊತ್ತಿರುವುದೆಲ್ಲ ನಿಷೇಧವೇ: ಹಿಡಿಯಬಾರದು, ಕೊಲ್ಲಬಾರದು, ತಿನ್ನಬಾರದು, ಮಾರಬಾರದು. ಮೀನಿಗೆ ಕಾಯಿಲೆಯಾದರೆ ಏನು ಮಾಡಬೇಕೆಂಬ ಪ್ರಶ್ನೆ ನಮ್ಮ ಹಿರಿಯರ ಮನೆಯಂಗಳಕ್ಕೆ ಬಂದದ್ದೇ ಇಲ್ಲವೆನ್ನಬಹುದು. ನಮ್ಮ ಕಾಲದಲ್ಲಿ ಅದು ಚಾವಡಿಯೊಳಗೇ ಬಂದು ಕುಳಿತಿದೆ.

ಪುತ್ತೂರಿನ ನಮ್ಮ ಮನೆಯಲ್ಲಿ ಎರಡು ವರ್ಷದ ಹಿಂದೆ ನನ್ನ ಮಗ ಗಾಜಿನ ತೊಟ್ಟಿಯೊಂದನ್ನು ಇರಿಸಿದ. ಸಿಹಿನೀರಿನದ್ದಲ್ಲ, ಉಪ್ಪುನೀರಿನದ್ದು. ಮಂಗಳೂರಿನ ಕಡಲು ಇಲ್ಲಿಂದ ೫೦ ಕಿಲೋಮೀಟರು. ಆದುದರಿಂದ ಪೊಟ್ಟಣದ ಉಪ್ಪನ್ನು ಶುದ್ಧ ನೀರಿಗೆ ಬೆರೆಸಿ, ಸಾವಿರಕ್ಕೆ ಮೂವತ್ತೈದು ಪಾಲು ಉಪ್ಪಿರುವಂತೆ ಅಳೆದು, ಮನೆಯಲ್ಲೇ ೨೦೦ ಲೀಟರು ಕಡಲನ್ನು ತಯಾರಿಸಿದ. ಅದರಲ್ಲಿ ಕೃತಕ ಬಂಡೆ, ಕಿತ್ತಳೆ ಬಣ್ಣದ ಮೈಮೇಲೆ ಬಿಳಿ ಪಟ್ಟೆಯಿರುವ ಎರಡು ಕ್ಲೌನ್ ಮೀನು, ಒಂದು ನೀಲಿ ಮೀನು, ಕೆಲವು ಸಿಗಡಿ, ಶಂಖದ ಹುಳುಗಳು, ಹೂವಿನಂತೆ ಅರಳಿ ಮುಚ್ಚುವ ಅನಿಮೋನ್ ಎಂಬ ಪ್ರಾಣಿ. ಹವಳ ಮಾತ್ರ ಇರಲಿಲ್ಲ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ ೨೦೦೧ರಲ್ಲಿ ಹವಳಗಳನ್ನು ಸೇರಿಸಲಾಗಿದೆ. ಮುರುಡೇಶ್ವರದ ಎದುರಿನ ನೇತ್ರಾಣಿಯದ್ದಾಗಲಿ ಲಕ್ಷದ್ವೀಪದ್ದಾಗಲಿ, ಅದನ್ನು ಕಿತ್ತು ತಂದು ಮಾರುವುದೂ ಮನೆಯಲ್ಲಿ ಇಡುವುದೂ ಅಪರಾಧ. ಇದನ್ನು ತಿಳಿಯದೆ ಹವಳ ಕೊಳ್ಳುವವರು ನಮ್ಮ ಸಮಾಜದಲ್ಲೂ ಇರಬಹುದೆಂದು ಇಲ್ಲಿಯೇ ಹೇಳಿಬಿಡುತ್ತೇನೆ.

ಕಳೆದ ಮಳೆಗಾಲದಲ್ಲಿ ಮಗ ಆ ನೀಲಿ ಮೀನನ್ನು ಹೊಸದಾಗಿ ತಂದು ತೊಟ್ಟಿಗೆ ಬಿಟ್ಟ. ಹತ್ತು ದಿನ ಕಳೆಯುವಷ್ಟರಲ್ಲಿ ಮೂರು ಮೀನುಗಳ ಮೈಮೇಲೂ ರವೆ ಚೆಲ್ಲಿದಂತೆ ಬಿಳಿ ಚುಕ್ಕಿಗಳೆದ್ದವು. ಅವು ಬಂಡೆಗೆ ಮೈಯುಜ್ಜತೊಡಗಿದವು, ಆಹಾರ ಬಿಟ್ಟವು. ಮಾರಿದ ಅಂಗಡಿಯಲ್ಲಿ ವಿಚಾರಿಸಿದಾಗ ಒಂದು ಸಣ್ಣ ಶೀಶೆ ಕೊಟ್ಟು, ತೊಟ್ಟಿಗೇ ಸುರಿಯಿರಿ ಎಂದರು. ಮಗ ಸುರಿದ. ಎರಡನೆಯ ದಿನ ಸಿಗಡಿಗಳು ಮಗುಚಿ ಬಿದ್ದವು. ಮೂರನೆಯ ದಿನ ಶಂಖದ ಹುಳುಗಳು ಗಾಜಿನಿಂದ ಕಳಚಿ ತಳ ಸೇರಿದವು, ಅನಿಮೋನ್ ಕರಗಿಹೋಯಿತು. ಮೀನುಗಳಿಗೆ ಮಾತ್ರ ಸ್ವಲ್ಪ ಗುಣ ಕಾಣುತ್ತಿತ್ತು. ಆ ಸಂಜೆ ಸೊಸೆ ನನ್ನನ್ನು ಕೇಳಿದಳು: "ಮಾವ, ಮದ್ದು ಹಾಕಿದರೂ ಜೀವ ಹೋಗುತ್ತದೆ, ಹಾಕದಿದ್ದರೂ ಹೋಗುತ್ತದೆ. ನಮಗೆ ಯಾವುದರ ದೋಷ?"

ಕನ್ನಡಕ ಹಾಕಿಕೊಂಡು ಶೀಶೆಯ ಮೇಲಿನ ಸಣ್ಣ ಅಕ್ಷರ ಓದಿದೆ. ತಾಮ್ರದ ಲವಣ. ನಲವತ್ತು ವರ್ಷ ಅಂಗಡಿಯಲ್ಲಿ ಕುಳಿತು ಅಡಿಕೆ ಬೆಳೆಗಾರರಿಗೆ ಮೈಲುತುತ್ತ ತೂಗಿ ಕೊಟ್ಟವನು ನಾನು. ಅದೇ ವಸ್ತು ನಮ್ಮ ಮನೆಯ ತೊಟ್ಟಿಗೆ ಬೀಳುವಾಗ ಶೀಶೆಯನ್ನೊಮ್ಮೆ ಕೇಳಿ ನೋಡಲಿಲ್ಲ. ಈ ಬರಹ ಆ ಮರೆವಿನಿಂದ ಹುಟ್ಟಿದ್ದು.

ಮೈಲುತುತ್ತದ ಕಥೆಯನ್ನು ಪುತ್ತೂರು, ಸುಳ್ಯ, ಕಡಬದವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಆದರೆ ಅದರ ಮೂಲ ಹೆಚ್ಚಿನವರಿಗೆ ತಿಳಿದಿರಲಾರದು. ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿ ಬೆಳೆಗಾರರು ದಾರಿಯ ಬದಿಯ ಬಳ್ಳಿಗಳಿಗೆ ಮೈಲುತುತ್ತ ಮತ್ತು ಸುಣ್ಣದ ನೀರು ಎರಚುತ್ತಿದ್ದರು. ದಾರಿಹೋಕರು ಹಣ್ಣು ಕದಿಯದಿರಲೆಂಬುದೇ ಅದರ ಉದ್ದೇಶ. ಆ ಬಳ್ಳಿಗಳಿಗೆ ಮಾತ್ರ ಬೂಜುರೋಗ ತಗುಲದಿದ್ದುದನ್ನು ೧೮೮೨ರಲ್ಲಿ ಮಿಲಾರ್ಡೆ ಎಂಬ ಸಸ್ಯಶಾಸ್ತ್ರಜ್ಞ ಗಮನಿಸಿ, ಪ್ರಯೋಗ ನಡೆಸಿ, ೧೮೮೫ರಲ್ಲಿ ಪ್ರಕಟಿಸಿದ. ಕಳ್ಳರ ಭಯದಿಂದ ಔಷಧವೊಂದು ಹುಟ್ಟಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಮಲೆನಾಡಿನ ಅಡಿಕೆಯ ಕೊಳೆರೋಗವನ್ನು ಅಭ್ಯಸಿಸಿ ಈ ದ್ರಾವಣವನ್ನೇ ಶಿಫಾರಸು ಮಾಡಿದರು. ಅಂದು ಮದರಾಸು ಪ್ರಾಂತಕ್ಕೆ ಸೇರಿದ್ದ ನಮ್ಮ ದಕ್ಷಿಣ ಕನ್ನಡಕ್ಕೂ ಅದು ಕಾಲಕ್ರಮದಲ್ಲಿ ಹಬ್ಬಿತು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರು ನೀರು: ಈ ಲೆಕ್ಕ ನಮ್ಮ ಕಡೆಯ ಶಾಲಾ ಬಾಲಕನಿಗೂ ಬಾಯಿಪಾಠ.

ಇದೇ ಮೈಲುತುತ್ತ ಮೀನಿನ ಮದ್ದಾದ ಬಗೆ ಬೇರೆ. ಗಾಜಿನ ಪೆಟ್ಟಿಗೆಯಲ್ಲಿ ಕಡಲಜೀವಿಗಳನ್ನು ಸಾಕುವ ಹವ್ಯಾಸ ಇಂಗ್ಲೆಂಡಿನಲ್ಲಿ ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಬಲವಾಯಿತು. ೧೮೫೩ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಸಾರ್ವಜನಿಕ ಮತ್ಸ್ಯಾಗಾರ ತೆರೆಯಿತು; ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಎಂಬ ನಿಸರ್ಗತಜ್ಞನ ಪುಸ್ತಕ ಹೊರಬಂದು ಮನೆಮನೆಗೂ ಆ ಹುಚ್ಚನ್ನು ಹಬ್ಬಿಸಿತು. ಜನರು ತಂಡೋಪತಂಡವಾಗಿ ಕಡಲತೀರಕ್ಕೆ ಹೋಗಿ ಬಂಡೆಗಳ ನಡುವಿನ ಹೊಂಡಗಳನ್ನು ಬರಿದು ಮಾಡಿದರು. ಆ ತೀರದ ಸೌಂದರ್ಯ ತಮ್ಮ ತಂದೆಯ ಪುಸ್ತಕದ ದೆಸೆಯಿಂದಲೇ ನಾಶವಾಯಿತೆಂದು ಆತನ ಮಗ ಎಡ್ಮಂಡ್ ಗಾಸ್ ೧೯೦೭ರಲ್ಲಿ ನೊಂದು ಬರೆದಿದ್ದಾನೆ. ಪ್ರೀತಿಯಿಂದ ಹುಟ್ಟಿದ ಪರಿಗ್ರಹವೂ ಪರಿಗ್ರಹವೇ ಎಂಬುದಕ್ಕೆ ಪರದೇಶದ ಸಾಕ್ಷಿಯಿದು.

ಮುಚ್ಚಿದ ನೀರಿನಲ್ಲಿ ರೋಗ ತಾನಾಗಿ ಬಂತು. ೧೯೩೧ರಲ್ಲಿ ಲಂಡನ್ ಮೃಗಾಲಯದ ಮತ್ಸ್ಯಾಗಾರದ ಮೀನುಗಳ ಮೇಲೆಯೇ ಒಂದು ಪರೋಪಜೀವಿಯನ್ನು ಗುರುತಿಸಲಾಯಿತು. ಮೀನಿನ ಮೈಗೆ ಚಿನ್ನದ ಧೂಳು ಹಚ್ಚಿದಂತೆ ಕಾಣುವ ಮಖಮಲ್ ರೋಗಕ್ಕೆ ಅದು ಕಾರಣ. ನಮ್ಮ ತೊಟ್ಟಿಗೆ ಬಂದ ಬಿಳಿಚುಕ್ಕಿ ರೋಗದ ಜೀವಿಯನ್ನು ೧೯೩೭ರಲ್ಲಿ ಜಪಾನಿನ ಸಿಕಾಮ ವರ್ಣಿಸಿದ. ಕ್ರಿಪ್ಟೋಕ್ಯಾರಿಯಾನ್ ಎಂಬ ಹೆಸರು ಅದಕ್ಕೆ ೧೯೫೧ರಲ್ಲಿ ಬಂತು. ೧೯೫೫ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಸ್ಟೈನ್‌ಹಾರ್ಟ್ ಮತ್ಸ್ಯಾಗಾರದ ಡೆಂಪ್‌ಸ್ಟರ್ ಎಂಬಾತ ಮೈಲುತುತ್ತದಿಂದ ಮಖಮಲ್ ರೋಗ ಗುಣವಾಗುವುದೆಂದು ಪ್ರಕಟಿಸಿದ ಮೇಲೆ ತಾಮ್ರ ಕಡಲ ಮೀನಿನ ಮುಖ್ಯ ಔಷಧವಾಯಿತು. ಪ್ರಮಾಣ ಎಷ್ಟು? ಲೀಟರಿಗೆ ಸುಮಾರು ೦.೨ ಮಿಲಿಗ್ರಾಂ ತಾಮ್ರ. ಲೆಕ್ಕದ ಮನುಷ್ಯನಾದ್ದರಿಂದ ಕಾಗದದ ಮೇಲೆ ಹಾಕಿ ನೋಡಿದೆ. ನಾವು ಅಡಿಕೆಗೆ ಬಿಡುವ ದ್ರಾವಣದ ಒಂದು ಲೀಟರಿನಲ್ಲಿ ಇದರ ಹನ್ನೆರಡು ಸಾವಿರ ಪಟ್ಟಿಗೂ ಹೆಚ್ಚು ತಾಮ್ರವಿರುತ್ತದೆ. ಸುಣ್ಣ ಬೆರೆತಾಗ ಅದರ ಬಹುಭಾಗ ಕರಗದ ರೂಪ ತಾಳುತ್ತದೆಂಬುದು ಬೇರೆ ಮಾತು. ನಮ್ಮ ೨೦೦ ಲೀಟರಿನ ತೊಟ್ಟಿಗೆ ಬೇಕಾದದ್ದು ಚಿಟಿಕೆಗೂ ಕಡಮೆ ಮೈಲುತುತ್ತ. ಆ ಚಿಟಿಕೆಯೇ ಸಿಗಡಿ, ಶಂಖದ ಹುಳು, ಅನಿಮೋನ್, ಹವಳ ಇವೆಲ್ಲವುಗಳಿಗೆ ಮೃತ್ಯು. ವಿಚಿತ್ರವೆಂದರೆ ಸಿಗಡಿಯ ರಕ್ತದಲ್ಲಿ ಪ್ರಾಣವಾಯುವನ್ನು ಹೊರುವುದು ತಾಮ್ರವೇ. ನಮ್ಮ ರಕ್ತಕ್ಕೆ ಕಬ್ಬಿಣವಿದ್ದಂತೆ ಅದಕ್ಕೆ ತಾಮ್ರ. ಒಳಗಿದ್ದರೆ ಪ್ರಾಣ, ಹೊರಗಿನಿಂದ ಬಂದರೆ ವಿಷ. ಸಾಲದೆಂಬಂತೆ ಸುಣ್ಣದ ಅಂಶವಿರುವ ಬಂಡೆಯೂ ಮರಳೂ ತಾಮ್ರವನ್ನು ಹೀರಿಕೊಂಡು, ಮುಂದೆ ಎಂದೋ ಹೊರಬಿಡುತ್ತವೆ. ಆದುದರಿಂದ ಕಾಯಿಲೆಯ ಮೀನನ್ನು ಬೇರೆ ತೊಟ್ಟಿಗೆ ಸಾಗಿಸದೆ ಎಲ್ಲ ಜೀವಿಗಳಿರುವ ತೊಟ್ಟಿಗೆ ತಾಮ್ರ ಹಾಕಬಾರದೆಂಬುದು ಬಲ್ಲವರ ಮೊದಲ ನಿಯಮ. ನಮಗೆ ಅದನ್ನು ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಇಂತಹ ಸಂದರ್ಭಕ್ಕೆ ನಮ್ಮ ಪ್ರಾಚೀನರು ಏನಾದರೂ ಹೇಳಿರುವರೇ ಎಂದು ಹುಡುಕಿದೆ. ಪ್ರಾಣಿವೈದ್ಯಕ್ಕೆ ಕನ್ನಡ ಜೈನರ ಕೊಡುಗೆ ಚಿಕ್ಕದಲ್ಲ. ಚಾಲುಕ್ಯ ರಾಜವಂಶದ ಕೀರ್ತಿವರ್ಮ ಹನ್ನೆರಡನೆಯ ಶತಮಾನದ ಆದಿಯಲ್ಲಿ 'ಗೋವೈದ್ಯ' ಬರೆದ. ಅಭಿನವಚಂದ್ರ ಕುದುರೆಗಳ ಚಿಕಿತ್ಸೆಯನ್ನು ಕುರಿತು ಬರೆದ. ಹದಿನಾಲ್ಕನೆಯ ಶತಮಾನದ ಮಂಗರಾಜ 'ಖಗೇಂದ್ರಮಣಿದರ್ಪಣ'ದಲ್ಲಿ ವಿಷಗಳನ್ನೂ ಅವುಗಳ ಪರಿಹಾರವನ್ನೂ ವಿವರಿಸಿದ. ಇವರ್ಯಾರೂ ಮೀನಿನ ವೈದ್ಯವನ್ನು ವಿಷಯವಾಗಿ ಎತ್ತಿಕೊಂಡವರಲ್ಲ. ಕೀರ್ತಿವರ್ಮನನ್ನು ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಸೋದರನೆಂದು ಸಾಹಿತ್ಯಚರಿತ್ರಕಾರರು ಗುರುತಿಸುತ್ತಾರೆ. ಅದೇ ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರ ಸಂಸ್ಕೃತದ 'ಮಾನಸೋಲ್ಲಾಸ'ದಲ್ಲಿ ಮೀನುಗಳ ಜಾತಿಗಳನ್ನೂ ಅವಕ್ಕೆ ಯಾವ ಆಹಾರ ಹಾಕಬೇಕೆಂಬುದನ್ನೂ ವಿವರವಾಗಿ ಹೇಳಿದ್ದಾನೆ. ಆದರೆ ಅದು ಗಾಳ ಹಾಕುವ ವಿನೋದಕ್ಕಾಗಿ. ಒಂದೇ ಅರಮನೆಯಲ್ಲಿ ಒಬ್ಬ ಹಸುವಿಗೆ ಮದ್ದು ಬರೆದ, ಇನ್ನೊಬ್ಬ ಮೀನಿಗೆ ಗಾಳ ಬರೆದ. ನಮ್ಮ ಆಚಾರ್ಯರಿಗೆ ಮೀನು ಸಾಕುವ ಪ್ರಸಂಗವೇ ಇರಲಿಲ್ಲವಾದ್ದರಿಂದ ಅದರ ಮದ್ದಿನ ಪ್ರಸಂಗವೂ ಬರಲಿಲ್ಲವೆಂದು ನಾನು ಊಹಿಸುತ್ತೇನೆ. ಕೆರೆ, ಮಡುಗಳನ್ನು ಬತ್ತಿಸುವ ಉದ್ಯೋಗವನ್ನು ಶ್ರಾವಕನಿಗೆ ನಿಷಿದ್ಧವಾದ ಹದಿನೈದು ವೃತ್ತಿಗಳಲ್ಲಿ ಸೇರಿಸಿದ್ದಾರೆ. ನೀರು ನೀರಿನಂತೆ ಇದ್ದರೆ ಮೀನು ಮೀನಿನಂತೆ ಇರುತ್ತದೆಂಬ ಭಾವನೆ ಅದರ ಹಿಂದಿದೆ.

ಮನೆಯಲ್ಲಿ ಸಾಕದಿದ್ದರೂ ಮೀನನ್ನು ಕಾಯುವ ಸಂಪ್ರದಾಯ ನಮ್ಮ ಸೀಮೆಯಲ್ಲಿ ಹಳೆಯದು. ಈಗ ಕಡಬ ತಾಲೂಕಿಗೆ ಸೇರಿರುವ ಸುಬ್ರಹ್ಮಣ್ಯದಲ್ಲಿ ಕುಮಾರಧಾರೆಯ ಸ್ನಾನಘಟ್ಟ, ಅದರ ಸಮೀಪದ ಏನೆಕಲ್ಲು, ಕೆಳಗೆ ನಾಕೂರು ಗಯ, ಇಲ್ಲೆಲ್ಲ ಹೊಳೆಯ ಮಡುಗಳಲ್ಲಿ ದೇವರ ಮೀನುಗಳಿವೆ. ಭಕ್ತರು ಅಕ್ಕಿ, ಅರಳು ಹಾಕುತ್ತಾರೆ. ಅಲ್ಲಿ ಬಲೆ ಬೀಸುವವರಿಲ್ಲ. ಗಡಿಯಾಚೆ ಬೆಳ್ತಂಗಡಿ ತಾಲೂಕಿನ ಶಿಶಿಲದಲ್ಲಿ ಕಪಿಲಾ ಹೊಳೆಯ ಮತ್ಸ್ಯತೀರ್ಥ ಇನ್ನೂ ಪ್ರಸಿದ್ಧ. ಅಲ್ಲಿನ ಮೀನಿಗೆ ಅಕ್ಕಿ ಹಾಕುವ ಹರಕೆ ಹೊತ್ತರೆ ಚರ್ಮರೋಗ ವಾಸಿಯಾಗುವುದೆಂಬ ನಂಬಿಕೆ ನಮ್ಮ ಕಡೆ ಇದೆ. ಮನುಷ್ಯನ ಚರ್ಮಕ್ಕೆ ಮೀನಿನ ಅನುಗ್ರಹ ಬೇಕು. ಮೀನಿನ ಚರ್ಮಕ್ಕೆ ಹುಣ್ಣಾದರೆ ಯಾರಲ್ಲಿ ಹರಕೆ ಹೊರಬೇಕೋ ತಿಳಿಯದು. ಶಿಶಿಲದಲ್ಲಿ ೧೯೯೬ರಲ್ಲಿ ದುಷ್ಕರ್ಮಿಗಳು ಹೊಳೆಗೆ ವಿಷ ಬೆರೆಸಿದರು. ದೇವರ ಮೀನುಗಳು ಸಾವಿರಗಟ್ಟಲೆ ಸತ್ತು ತೇಲಿದವು. ಊರವರು ಅವುಗಳ ನೆನಪಿಗೆ ಸ್ಮಾರಕವನ್ನೇ ಕಟ್ಟಿದರು. ನೀರಿಗೆ ವಿಷ ಹಾಕಿ ಮೀನು ಕೊಲ್ಲುವುದನ್ನೂ ತೋಟೆ ಸಿಡಿಸುವುದನ್ನೂ ೧೮೯೭ರ ಭಾರತೀಯ ಮೀನುಗಾರಿಕೆ ಕಾಯಿದೆಯೇ ನಿಷೇಧಿಸಿತ್ತು. ಕಾಯಿದೆಗೆ ನೂರು ವರ್ಷ ತುಂಬುವ ಹಿಂದಿನ ವರ್ಷ ಈ ಕೃತ್ಯ ನಡೆಯಿತು.

ವಿಷ ಬೆರೆಸಿದವರನ್ನು ದೂಷಿಸುವುದು ಸುಲಭ. ನಮ್ಮ ತೋಟಗಳ ಕಣಿಯಿಂದ ತೋಡಿಗೆ, ತೋಡಿನಿಂದ ಪಯಸ್ವಿನಿಗೆ, ಕುಮಾರಧಾರೆಗೆ ಮಳೆಗಾಲದಲ್ಲಿ ಏನೇನು ಹರಿಯುತ್ತದೆಂದು ಲೆಕ್ಕವಿಟ್ಟವರಾರು? ಬೋರ್ಡೋ ದ್ರಾವಣದ ಪೀಪಾಯಿಯನ್ನು ತೋಡಿನಲ್ಲಿ ತೊಳೆಯುವುದನ್ನು ನಾನೇ ಎಷ್ಟೋ ಸಲ ಕಂಡಿದ್ದೇನೆ. ಗಿರಾಕಿಗೆ ಒಂದು ಮಾತು ಹೇಳಬಹುದಾಗಿತ್ತು. ಹಾಗೆ ಹೇಳಿದರೆ ಇನ್ನೊಂದು ಅಂಗಡಿಗೆ ಹೋದಾನೆಂಬ ಹೆದರಿಕೆ ನನ್ನನ್ನು ತಡೆಯಿತೆಂದು ಒಪ್ಪಿಕೊಳ್ಳಲೇಬೇಕು.

ಕೊಳೆರೋಗದ ಮಾತು ಬಂದುದರಿಂದ ದೇವಾಲಯ, ಬಸದಿಗಳ ಆಡಳಿತ ನೋಡುವವರು ಗಮನಿಸಬೇಕಾದ ಇನ್ನೊಂದು ಸಂಗತಿ ಇದೆ. ಅಡಿಕೆಯ ಕೊಳೆರೋಗಕ್ಕೆ ಕಾರಣವಾದ ಫೈಟಾಫ್ತೊರಾ ನೀರಿನಲ್ಲಿ ಈಜುವ ಬೀಜಕಗಳನ್ನು ಬಿಡುವ ಒಂದು ಬಗೆಯ ಬೂಜು. ಅದರ ದೂರದ ಬಂಧುವಾದ ಅಫಾನೋಮೈಸಿಸ್ ಎಂಬುದು ಸಿಹಿನೀರಿನ ಮೀನಿನ ಮೈಮೇಲೆ ಕೆಂಪು ಹುಣ್ಣು ಎಬ್ಬಿಸಿ ಮಾಂಸವನ್ನೇ ಕೊರೆಯುತ್ತದೆ. ೧೯೭೧ರಲ್ಲಿ ಜಪಾನಿನಲ್ಲಿ, ಮರುವರ್ಷ ಆಸ್ಟ್ರೇಲಿಯದಲ್ಲಿ ಕಂಡ ಈ ಹುಣ್ಣುರೋಗ ೧೯೮೮ರಲ್ಲಿ ನಮ್ಮ ಈಶಾನ್ಯ ರಾಜ್ಯಗಳನ್ನು ಹೊಕ್ಕು, ೧೯೯೧ರ ವೇಳೆಗೆ ಕೇರಳದ ಕುಟ್ಟನಾಡನ್ನು ತಲಪಿತು. ಸತ್ತ ಮೀನಿಗಿಂತ ಹುಣ್ಣಿನ ಮೀನು ಕಂಡು ಜನ ಬೆದರಿದರು, ಬಡ ಮೀನುಗಾರರ ಒಲೆ ಆರಿತು. ಭುವನೇಶ್ವರದ ಕೇಂದ್ರೀಯ ಸಿಹಿನೀರು ಮತ್ಸ್ಯಕೃಷಿ ಸಂಸ್ಥೆಯವರು ಸೀಫ್ಯಾಕ್ಸ್ ಎಂಬ ಔಷಧವನ್ನು ರೂಪಿಸಿದರು. ಕೆರೆಗೆ ಸುಣ್ಣ ಹಾಕುವ ಹಳೆಯ ಪದ್ಧತಿಯೂ ಪ್ರಯೋಜನಕ್ಕೆ ಬಂತು. ಇಲ್ಲಿ ನಮಗೆ ಮುಖ್ಯವಾದದ್ದು ರೋಗ ಸಾಗಿದ ದಾರಿ. ಹರಿಯುವ ನೀರಿನಿಂದ, ನೆರೆಯಿಂದ, ಮನುಷ್ಯ ಒಂದು ಊರಿನ ಮೀನನ್ನು ಇನ್ನೊಂದು ಊರಿಗೆ ಸಾಗಿಸಿದ್ದರಿಂದ ಅದು ಹಬ್ಬಿತು. ಪುಣ್ಯಸಂಪಾದನೆಗೆಂದು ಪೇಟೆಯಲ್ಲಿ ಮೀನು ಕೊಂಡು ತಂದು ದೇವರ ಕೆರೆಗೆ ಬಿಡುವವರು ಈಚೆಗೆ ಹೆಚ್ಚುತ್ತಿದ್ದಾರೆ. ಪ್ಲಾಸ್ಟಿಕ್ ಚೀಲದ ಬಾಯಿ ಬಿಚ್ಚಿ ಸುರಿದಾಗ ಮೀನೊಂದೇ ಕೆರೆಗೆ ಬೀಳುವುದಿಲ್ಲ.

ಇಲ್ಲಿ ಮೃಗಸೇನನ ಕಥೆ ನೆನಪಾಗುತ್ತದೆ. ೯೫೯ರಲ್ಲಿ ಸೋಮದೇವಸೂರಿ ಬರೆದ 'ಯಶಸ್ತಿಲಕ ಚಂಪು'ವಿನಲ್ಲಿ ಅದು ಇದೆ. ನಮ್ಮ ಮನೆಗಳಲ್ಲಿ ಅಜ್ಜಿಯರೂ ಹೇಳುತ್ತಿದ್ದರು. ಮುನಿಯೊಬ್ಬರ ಉಪದೇಶದಂತೆ ಬೆಸ್ತನು ಬಲೆಗೆ ಮೊದಲು ಬಿದ್ದ ಮೀನನ್ನು ಕೊಲ್ಲುವುದಿಲ್ಲವೆಂದು ವ್ರತ ಹಿಡಿಯುತ್ತಾನೆ. ಗುರುತಿಗೆ ಬಟ್ಟೆಯ ಚೂರು ಕಟ್ಟಿ ಬಿಟ್ಟ ಅದೇ ಮೀನು ಐದು ಸಲ ಬಲೆಗೆ ಬೀಳುತ್ತದೆ, ಐದು ಸಲವೂ ಬಿಡುತ್ತಾನೆ. ಮುಂದಿನ ಜನ್ಮದಲ್ಲಿ ಧನಕೀರ್ತಿಯಾಗಿ ಐದು ಸಲ ಮೃತ್ಯುವಿನಿಂದ ಪಾರಾಗುತ್ತಾನೆ. ಕಥೆ ಕೇಳುವಾಗ ನಾವು ಗಮನಿಸದ ಸಂಗತಿ ಒಂದಿದೆ: ಅವನು ಮೀನನ್ನು ಬಿಟ್ಟದ್ದು ಅದು ಬಂದ ನೀರಿಗೇ. ನಮ್ಮ ಹಿತೈಷಿಗಳೊಬ್ಬರು, ತೊಟ್ಟಿಯ ಮೀನುಗಳನ್ನು ಪಣಂಬೂರಿನ ಕಡಲಿಗೆ ಬಿಟ್ಟು ಕೈತೊಳೆದುಕೊಳ್ಳಿ ಎಂದರು. ರೋಗದ ಮೀನನ್ನು ಕಡಲಿಗೆ ಬಿಟ್ಟರೆ ಕಡಲಿನ ಮೀನಿಗೆ ರೋಗ ಹಂಚಿದಂತೆ. ಅಲ್ಲದೆ ತೊಟ್ಟಿಯಲ್ಲೇ ಹುಟ್ಟಿ ಬೆಳೆದ ಕ್ಲೌನ್ ಮೀನಿಗೆ ಅಲ್ಲಿ ಆಸರೆಯ ಅನಿಮೋನ್ ಸಿಗುವ ಮೊದಲೇ ಇನ್ನೊಂದು ಮೀನಿನ ಬಾಯಿ ಸಿಗುತ್ತದೆ. ಆ ಸಲಹೆಯನ್ನು ನಾನು ಒಪ್ಪಲಿಲ್ಲ.

ಸೊಸೆಯ ಪ್ರಶ್ನೆಗೆ ಬರುತ್ತೇನೆ. ಗೃಹಸ್ಥನ ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸಿ, ಮೊದಲನೆಯದನ್ನು ಸರ್ವಥಾ ಬಿಡಬೇಕೆಂದೂ ಉಳಿದವುಗಳನ್ನು ಯತ್ನದಿಂದ ಕಡಮೆ ಮಾಡಬೇಕೆಂದೂ ಹೇಳಿರುವುದು ವಾಚಕರಿಗೆ ವಿದಿತವೇ ಇದೆ. ಪಂಚೇಂದ್ರಿಯ ಜೀವಿಯಾದ ಮೀನನ್ನು ಉಳಿಸಲು ಕಣ್ಣಿಗೆ ಕಾಣದ ಪರೋಪಜೀವಿಯನ್ನು ನಿವಾರಿಸುವುದು ಸಂಕಲ್ಪೀ ಹಿಂಸೆಯಲ್ಲವೆಂದು ನನ್ನ ಅಭಿಪ್ರಾಯ. ಮನೆಯ ಮಗುವಿಗೆ ಜಂತುಹುಳದ ಮದ್ದು ಕೊಡುವವರು ಮ��ನಿಗೆ ಬೇರೆ ನ್ಯಾಯ ಹೇಳಬಾರದು. ಆದರೆ ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾಮಿ ಆಚಾರ್ಯರು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದವನ್ನೇ ಮುಂದಿರಿಸಿದ್ದಾರೆ. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಮೊದಲನೆಯದು ಬಂಧ, ಎಂದರೆ ಪ್ರಾಣಿಯನ್ನು ಕಟ್ಟಿ ಕೂಡಿಹಾಕುವುದು. ಕೊನೆಯದು ಅನ್ನಪಾನ ತಡೆಯುವುದು. ನೀರೊಳಗಿನ ಪ್ರಾಣಿಗೆ ನೀರೇ ಪಾನ, ನೀರೇ ಗಾಳಿ, ನೀರೇ ಮನೆ. ಅದನ್ನು ಕೂಡಿಹಾಕಿದವನು ಇವೆಲ್ಲದರ ಹೊಣೆ ಹೊತ್ತಿದ್ದಾನೆ. ಹೊಸ ಮೀನನ್ನು ನಾಲ್ಕಾರು ವಾರ ಬೇರೆ ತೊಟ್ಟಿಯಲ್ಲಿರಿಸಿ ನೋಡದೆ ಉಳಿದವುಗಳ ಜೊತೆ ಬಿಟ್ಟದ್ದು ನಮ್ಮ ಮೊದಲ ಪ್ರಮಾದ, ಶೀಶೆ ಓದದೆ ಸುರಿದದ್ದು ಎರಡನೆಯದು. ದೋಷ ಮದ್ದಿನದ್ದಲ್ಲ, ಮದ್ದಿಗೆ ಮೊದಲಿನದ್ದು ಎಂದು ಅವಳಿಗೆ ಹೇಳಿದೆ.

ಅಷ್ಟು ಹೇಳಿ ಸುಮ್ಮನಿರಲಾಗಲಿಲ್ಲ. ಮೀನುಗಳು ಇನ್ನೂ ಉಸಿರಾಡುತ್ತಿದ್ದವು. ಬಿಳಿಚುಕ್ಕಿಯ ಜೀವಿ ಮೀನಿನ ಮೈಮೇಲೆ ಕೆಲವು ದಿನ ಉಂಡು, ಕಳಚಿ, ತಳದಲ್ಲಿ ಕೋಶ ಕಟ್ಟಿಕೊಳ್ಳುತ್ತದೆ. ಕೋಶ ಒಡೆದು ಹೊರಬಂದ ಮರಿಗಳಿಗೆ ಒಂದೆರಡು ದಿನದೊಳಗೆ ಮೀನು ಸಿಗದಿದ್ದರೆ ಅವು ಬದುಕುವುದಿಲ್ಲ. ಈ ಜೀವನಕ್ರಮವನ್ನು ಇಸ್ರೇಲಿನ ಏಲಾತ್‌ನಲ್ಲಿ ಅಭ್ಯಸಿಸಿದ ಕೊಲೊರ್ನಿ ಎಂಬ ವಿಜ್ಞಾನಿ ೧೯೮೭ರಲ್ಲಿ ತಾಮ್ರವಿಲ್ಲದ ಒಂದು ಉಪಾಯ ತಿಳಿಸಿದ್ದಾನೆ. ಮೂರು ದಿನಕ್ಕೊಮ್ಮೆ ಮೀನನ್ನು ಶುಚಿಯಾದ, ಪೂರ್ತಿ ಒಣಗಿಸಿದ ಬೇರೆ ತೊಟ್ಟಿಗೆ ಸಾಗಿಸುವುದು. ಹೀಗೆ ನಾಲ್ಕು ಸಲ. ಕಳಚಿದ ಜೀವಿಗಳು ಹಿಂದಿನ ತೊಟ್ಟಿಯಲ್ಲೇ ಉಳಿಯುತ್ತವೆ. ಅವು ಅಲ್ಲಿ ಸಾಯುತ್ತವೆಂಬುದನ್ನು ಮುಚ್ಚಿಡಲಾರೆ. ಈ ಲೆಕ್ಕದಲ್ಲಿ ಬಾಕಿ ಸೊನ್ನೆ ಬರುವುದಿಲ್ಲ. ಆದರೂ ಬೇರೆ ಜೀವಿಗಳ ಮೇಲೆ ಹೊರೆ ಬೀಳದ ಕ್ರಮವಿದು. ಎರಡು ಪ್ಲಾಸ್ಟಿಕ್ ಟಬ್ಬುಗಳನ್ನು ತಂದು ಮಗ ಮತ್ತು ಸೊಸೆ ಹನ್ನೆರಡು ದಿನ ಅದನ್ನು ನಡೆಸಿದರು. ಉಪ್ಪುನೀರನ್ನು ಹಿಂದಿನ ದಿನವೇ ಕದಡಿ ಇಡುವುದು, ಉಷ್ಣತೆ ನೋಡುವುದು, ಖಾಲಿಯಾದ ಟಬ್ಬನ್ನು ಬಿಸಿಲಿಲ್ಲದ ಆಟಿಯಲ್ಲಿ ಒಲೆಯ ಬಳಿ ಒಣಗಿಸುವುದು, ಇದರಲ್ಲೇ ದಿನ ಕಳೆಯಿತು. ಮೊದಲಿನ ತೊಟ್ಟಿಯ ನೀರನ್ನು ಹಲವು ಸಲ ಬದಲಿಸಿ, ಮೀನಿಲ್ಲದೆ ೭೬ ದಿನ ಖಾಲಿ ಬಿಟ್ಟರು. ಕೋಶಗಳು ೭೨ ದಿನದವರೆಗೂ ಒಡೆಯಬಹುದೆಂದು ಸಂಶೋಧಕರು ಕಂಡಿರುವುದರಿಂದ ಈ ಅವಧಿ.

ನೀಲಿ ಮೀನಿಗೆ ಗುಣವಾಗಲಿಲ್ಲ. ಆರನೆಯ ದಿನಕ್ಕೆ ಅದು ಪಕ್ಕಕ್ಕೆ ವಾಲಿ, ಕಿವಿರನ್ನು ಬೇಗ ಬೇಗನೆ ಆಡಿಸುತ್ತ ತಳಕ್ಕಿಳಿಯಿತು. ಲವಂಗದ ಎಣ್ಣೆಯನ್ನು ನೀರಿಗೆ ಬೆರೆಸಿದರೆ ನೋವಿಲ್ಲದೆ ಪ್ರಾಣ ಹೋಗುತ್ತದೆಂದು ಮಗನಿಗೆ ಯಾರೋ ಪಶುವೈದ್ಯರು ತಿಳಿಸಿದ್ದರು. ೧೯೨೮ರಲ್ಲಿ ಸಾಬರಮತಿ ಆಶ್ರಮದಲ್ಲಿ ನರಳುತ್ತಿದ್ದ ಕರುವೊಂದಕ್ಕೆ ಗಾಂಧೀಜಿ ಚುಚ್ಚುಮದ್ದು ಕೊಡಿಸಿ ಸಾವು ತರಿಸಿದಾಗ ಅಹಮದಾಬಾದಿನ ಜೈನರು ಕೆರಳಿ ಪತ್ರಗಳ ಮಳೆ ಸುರಿಸಿದ್ದರು. ಪಾಂಜರಪೋಳಗಳನ್ನು ಕಟ್ಟಿ ನಡೆಸಿದ ಆ ಸಮಾಜದ ನಿಲುವು ಸ್ಪಷ್ಟವಿತ್ತು: ಆರೈಕೆ ನಮ್ಮದು, ಆಯುಷ್ಯ ಕರ್ಮದ್ದು. ಗಾಂಧೀಜಿಯ ಉತ್ತರವೂ ಹಗುರವಾದದ್ದಲ್ಲ. ನರಳುವುದನ್ನು ನೋಡುತ್ತ ಕುಳಿತವನು ಅಹಿಂಸಕನೆಂದು ಕರೆದುಕೊಳ್ಳಬಹುದೇ ಎಂಬುದು ಅವರ ವಾದದ ತಿರುಳು. ಕಾಲೇಜಿನ ದಿನಗಳಲ್ಲಿ ಈ ವಾದವನ್ನು ಓದಿದಾಗ ನಾನು ಜೈನರ ಪಕ್ಷ. ಅಂದು ರಾತ್ರಿ ಟಬ್ಬಿನ ಪಕ್ಕ ಕುಳಿತಾಗ ಅಷ್ಟು ಗಟ್ಟಿಯಾಗಿ ಹೇಳುವ ಧೈರ್ಯ ಉಳಿದಿರಲಿಲ್ಲ. ಆದರೂ ಎಣ್ಣೆ ಹಾಕಲಿಲ್ಲ. ದೀಪ ಆರಿಸಿ, ಗಾಳಿಯ ಕೊಳವೆಯನ್ನು ಅದರ ಹತ್ತಿರಕ್ಕೆ ಸರಿಸಿದೆವು. ಜೀವಂಧರ ಕುಮಾರ ಸಾಯುವ ನಾಯಿಯ ಕಿವಿಯಲ್ಲಿ ಪಂಚನಮಸ್ಕಾರ ಮಂತ್ರ ಹೇಳಿದ ಕಥೆಯನ್ನು ಸೊಸೆ ನೆನಪಿಸಿದಳು. ಮೀನಿಗೆ ಕೇಳಿಸುವುದೇ ಎಂದು ಮೊಮ್ಮಗ ಕೇಳಿದ. ಗೊತ್ತಿಲ್ಲ ಎಂದೆ, ಮಂತ್ರ ಹೇಳಿದೆವು. ಬೆಳಗ್ಗೆ ಅದು ಸತ್ತಿತ್ತು.

ಕ್ಲೌನ್ ಮೀನುಗಳೆರಡೂ ಚುಕ್ಕಿ ಕಳೆದುಕೊಂಡು ಈಗ ಹಳೆಯ ತೊಟ್ಟಿಗೆ ಮರಳಿವೆ. ಬೇರೆ ಯಾವ ಪ್ರಾಣಿಯನ್ನೂ ತರುವುದಿಲ್ಲವೆಂದು ಮಗ ನಿಶ್ಚಯಿಸಿದ್ದಾನೆ. ಇವು ಮನುಷ್ಯನ ಆರೈಕೆಯಲ್ಲಿ ಇಪ್ಪತ್ತು ವರ್ಷ ಮೀರಿ ಬದುಕಿದ ಉದಾಹರಣೆಗಳಿರುವುದರಿಂದ, ಇವುಗಳ ಕೊನೆಯನ್ನು ನಾನು ಕಾಣಲಾರೆ. ಉಪ್ಪು, ಆಹಾರ, ವಿದ್ಯುತ್ತು ಎಲ್ಲ ಸೇರಿ ತಿಂಗಳಿಗೆ ಎಷ್ಟಾಗುತ್ತದೆಂದು ಸೊಸೆಯಿಂದ ಕೇಳಿ ಬರೆದುಕೊಂಡು, ಅಂಗಡಿಯ ಲೆಕ್ಕದಲ್ಲಿ ಹೊಸದಾಗಿ ಒಂದು ಖಾತೆ ತೆರೆದಿದ್ದೇನೆ. ಮೈಲುತುತ್ತದ ಈ ವರ್ಷದ ಲಾಭವನ್ನು ಅದಕ್ಕೆ ಜಮೆ ಮಾಡಿದೆ.